ಇಬ್ಬರ ಅಳತೆಯ ಕೋಟು

ಕಾಲೇಜಿನ ದಿನಗಳು ಮನುಷ್ಯನಿಗೆ ಒಂದೇ ಸಲ ಬರುವಂಥವು. ಅಲ್ಲಿ ಕಳೆದ ಒಂದೊಂದು ಗಳಿಗೆಯೂ ಮುಂದಿನ ಬಾಳಿಗೆ ಬುತ್ತಿ — ಈ ಮಾತನ್ನು ನಾನು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದಷ್ಟು ಕಾಲವೂ, ಗಂಟಲು ಸರಿಮಾಡಿಕೊಂಡು, ಹುಡುಗರಿಗೆ ಹೇಳಿದ್ದೇನೆ. ನನ್ನ ಸ್ವಂತ ಗಳಿಗೆಗಳಲ್ಲಿ ದೊಡ್ಡ ಪಾಲನ್ನು ನಾನು ಕಳೆದದ್ದು ಒಂದು ನಾಟಕ ಕಂಪನಿಯ ಕುರ್ಚಿಯ ಮೇಲೆ. ಅಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಕೇಳದ ಪಾಠವನ್ನು ಕೇಳಿದೆನೆಂದು ಹೇಳಿ, ಎಂದೂ ನಡೆಯದ ಇತಿಹಾಸವನ್ನು ನನ್ನ ಗೆಳೆಯ ಗಫೂರನಿಗೆ ಕಲಿಸಿ, ಅವನನ್ನು ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ನಪಾಸು ಮಾಡಿಸಿದವನು ನಾನು.

ಗಫೂರ್ ಮುಳಬಾಗಿಲಿನವನು, ದರ್ಜಿಯ ಮಗ. ನಾನು ಮಾಸ್ತಿಯ ಕಡೆಯವನು, ರಾಗಿ ಬೆಳೆಯುವವರ ಮಗ. ಇಬ್ಬರೂ ಕೋಲಾರದಲ್ಲಿ ಒಂದು ಕೋಣೆ ಹಿಡಿದು, ಅನ್ನ ಬೇಯಿಸಿಕೊಂಡು, ಓದುವುದಕ್ಕೆ ಬಂದವರು. ಯುದ್ಧ ಮುಗಿದ ಹೊಸತು. ಬಟ್ಟೆಗೆ ಇನ್ನೂ ರೇಷನ್ನು. ನಮ್ಮ ಪ್ರಿನ್ಸಿಪಾಲರಿಗೆ ಅದು ಗೊತ್ತಿತ್ತೋ ಇಲ್ಲವೋ — ಕೋಟಿಲ್ಲದವನಿಗೆ ತರಗತಿಯಿಲ್ಲ ಎಂಬುದು ಅವರ ಆಜ್ಞೆ. ವಿದ್ಯೆ ಬರಿಯ ಅಂಗಿಯ ಮೂಲಕ ಒಳಗಿಳಿಯುವುದಿಲ್ಲವೆಂದು ಅವರ ನಂಬಿಕೆ ಇದ್ದಿರಬೇಕು.

ಗಫೂರನಿಗೆ ಅವರಪ್ಪ ಹೊಲಿದ ಒಂದು ಕಪ್ಪು ಕೋಟಿತ್ತು. ನನಗಿರಲಿಲ್ಲ. ಮೊದಲ ದಿನವೇ ಗಂಟು ಕಟ್ಟಿಕೊಂಡು ಮಾಲೂರಿನ ಬಸ್ಸು ಹತ್ತಲು ಹೊರಟವನನ್ನು ಅವನು ತಡೆದ.

"ಎಲ್ಗೋ ಹೊರಟೆ? ಕೂತ್ಕೊ. ನಂದು ಐತಲ್ಲ."

"ಒಂದು ಕೋಟಲ್ಲಿ ಇಬ್ರು ಹೆಂಗೋ ಹೋಗೋದು? ಒಂದೊಂದು ತೋಳಾ?"

"ಅರೆ, ಬೆಳಿಗ್ಗೆ ನಾನು, ಮಧ್ಯಾಹ್ನ ನೀನು. ಸಾಯಂಕಾಲ ನಿಂಗೆ ನಾನ್ ಹೇಳ್ಕೊಡ್ತೀನಿ, ನಂಗೆ ನೀನು. ಅರ್ಧರ್ಧ ಕಲಿತ್ರೂ ಇಬ್ರೂ ಪೂರ್ತಿ ಕಲಿತಂಗೆ ಕಣೋ."

ವಿಶ್ವವಿದ್ಯಾನಿಲಯದವರಿಗೂ ಹೊಳೆಯದ ಈ ಏರ್ಪಾಡು ಅಂದಿನಿಂದಲೇ ಜಾರಿಗೆ ಬಂತು. ನಡುಹಗಲಲ್ಲಿ ಕಾಲೇಜಿನ ಹಿಂದಿನ ಹುಣಿಸೆಮರದ ಕೆಳಗೆ ಕೋಟು ಮೈ ಬದಲಾಯಿಸುತ್ತಿತ್ತು. ಅವನು ದಪ್ಪ, ನಾನು ಕಡ್ಡಿ. ನನ್ನ ಮೇಲೆ ಅದು ಹೊಲದ ಬೆದರುಬೊಂಬೆಗೆ ತೊಡಿಸಿದಂತೆ ಜೋತಾಡುತ್ತಿತ್ತು. ಒಳಗೆ ಕೂತವನು ಇಬ್ಬರ ಹಾಜರಿಯನ್ನೂ ಕೂಗಬೇಕು — ತನ್ನದನ್ನು ತನ್ನ ದನಿಯಲ್ಲಿ, ಇನ್ನೊಬ್ಬನದನ್ನು ಇನ್ನೊಬ್ಬನ ದನಿಯಲ್ಲಿ. ಮೇಷ್ಟ್ರುಗಳು ತಲೆಯೆತ್ತಿ ನೋಡುತ್ತಿರಲಿಲ್ಲ.

ಬೆಳಗಿನ ಪಾಲಿಗೆ ತರ್ಕಶಾಸ್ತ್ರ ಬಿದ್ದಿತ್ತು. ಗಫೂರ್ ಅದನ್ನು ಕೇಳಿಕೊಂಡು ಬಂದು ನನಗೆ ಕಲಿಸುತ್ತಿದ್ದ ರೀತಿ — ಹೇಳುತ್ತೇನೆ. ಸಂಜೆ ಕೋಣೆಯ ನೆಲದ ಮೇಲೆ, ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ವೃತ್ತಗಳನ್ನು ಬರೆದು, "ಇದು ಮನುಷ್ಯರು, ಇದು ಸಾಯೋರು, ಇದ್ರೊಳಗೆ ಅದು ಬರುತ್ತೋ ಇಲ್ವೋ, ನೀನೇ ಹೇಳು ಮುನಿ" ಎನ್ನುತ್ತಿದ್ದ. ನಾನು ಹೇಳುವತನಕ ಒಲೆ ಹಚ್ಚುತ್ತಿರಲಿಲ್ಲ. ನನಗೆ ಇಂದಿಗೂ ಬರುವಷ್ಟು ತರ್ಕ ಆ ಹಸಿವಿನಿಂದ ಬಂದದ್ದು.

ಮಧ್ಯಾಹ್ನದ ಇತಿಹಾಸ ನನ್ನ ಪಾಲು. ಮೊದಲ ವರ್ಷ ನಾನೂ ನಿಯತ್ತಾಗಿಯೇ ಇದ್ದೆ. ಎರಡನೆಯ ವರ್ಷ ಅಂತರಗಂಗೆಯ ದಾರಿಯಲ್ಲಿ ಒಂದು ನಾಟಕ ಕಂಪನಿ ಡೇರೆ ಹಾಕಿತು. ಹಗಲು ಹೊತ್ತು ಅಲ್ಲಿ ತಾಲೀಮು. ಅಂಗಿಯಲ್ಲಿ ಹೋದ ದಿನ ಬಾಗಿಲಲ್ಲಿದ್ದವನು "ಏಯ್, ನಡಿಯೋ ಆಚೆ" ಎಂದ. ಕೋಟಿನಲ್ಲಿ ಹೋದ ದಿನ ಅದೇ ಮನುಷ್ಯ ಒಳಕ್ಕೆ ತಿರುಗಿ, "ಕಾಲೇಜು ಸಾರ್ ಬಂದವ್ರೆ, ಕುರ್ಚಿ ಹಾಕ್ರೋ!" ಎಂದು ಕೂಗಿದ. ಮ್ಯಾನೇಜರು ನನ್ನ ಕಡೆ ತಿರುಗಿ, "ಈ ಸೀನು ಹೆಂಗೈತೆ ಸಾರ್, ವಿದ್ಯಾವಂತರು ತಾವು ಹೇಳ್ಬೇಕು" ಎಂದರು. ಹದಿನೆಂಟರ ಹುಡುಗನಿಗೆ ಅಂಥ ಮಾತು — ನಾನು ಕಾಲ ಮೇಲೆ ಕಾಲು ಹಾಕಿಕೊಂಡು, "ಪರವಾಗಿಲ್ಲ, ಕರುಣರಸ ಇನ್ನಷ್ಟು ಬರಲಿ" ಎಂದೆ. ಅಂದಿನಿಂದ ತರಗತಿಯಲ್ಲಿ ಎರಡು ದನಿಯಲ್ಲಿ ಹಾಜರಿ ಕೂಗಿ, ಹಿಂದಿನ ಕಿಟಕಿಯಿಂದ ಇಳಿದು, ಕರುಣರಸದ ಮೇಲ್ವಿಚಾರಣೆಗೆ ಹೊರಡುವುದು ನನ್ನ ದಿನಚರಿಯಾಯಿತು. ಗಫೂರನ ಕೋಟಿನಲ್ಲಿ.

ಸಂಜೆ ಗಫೂರ್ ಚಕ್ಕಳಮಕ್ಕಳ ಹಾಕಿ ಕೂತು ಕೇಳುತ್ತಿದ್ದ: "ಹೂಂ, ಇವತ್ತೇನಾಯ್ತು ರೋಮಿನಲ್ಲಿ?"

ರೋಮಿನಲ್ಲಿ ಏನಾಯಿತೋ ನನಗೇನು ಗೊತ್ತು? ಕಂಪನಿಯ ತಾಲೀಮಿನಲ್ಲಿ ಆದದ್ದು ಗೊತ್ತಿತ್ತು. ಅಲ್ಲೊಬ್ಬ ಸೇನಾಪತಿ ಶತ್ರುವಿನ ಕೋಟೆಬಾಗಿಲಿಗೆ ಬಂದು ನಿಲ್ಲುತ್ತಾನೆ. ಮುದಿತಾಯಿ ಅಡ್ಡ ಬಂದು, "ಆ ಊರೊಳಗೂ ತಾಯಂದಿರಿದ್ದಾರೆ, ಮಗನೇ" ಎನ್ನುತ್ತಾಳೆ. ಅವನು ಕತ್ತಿಯನ್ನು ಒರೆಗೆ ಸೇರಿಸಿ ಹಿಂದಿರುಗುತ್ತಾನೆ. ಸೇನಾಪತಿಯ ಹೆಸರನ್ನು, ರೋಮಿನ ಮೇಲೆ ದಂಡೆತ್ತಿ ಬಂದ ಹ್ಯಾನಿಬಾಲ್ ಎಂದು ಬದಲಾಯಿಸಿ, ಹಿಂದೆ ಒಂದಷ್ಟು ಆನೆಗಳನ್ನು ನಿಲ್ಲಿಸಿ ಹೇಳಿದೆ. ಇಷ್ಟೆಲ್ಲ ಗೆದ್ದವನು ರೋಮಿನೊಳಕ್ಕೆ ಏಕೆ ನುಗ್ಗಲಿಲ್ಲ? ಇದಕ್ಕೇ.

ಗಫೂರ್ ನನ್ನ ಹತ್ತಿರಕ್ಕೆ ಸರಿದು ಕೂತ. ಅವನ ತಾಯಿ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದಳು — ಇದು ನನಗೆ ಗೊತ್ತಿತ್ತು. ಹೇಳುವಾಗ ನೆನಪಿರಲಿಲ್ಲ. ಅಥವಾ, ನೆನಪಿತ್ತೇನೋ...

"ಏನಂದ್ಳು ಅವಳು? ಇನ್ನೊಂದ್ಸಲ ಹೇಳೋ."

ಹೇಳಿದೆ. ಕಂಪನಿಯ ತಾಯಿ ಪಾತ್ರದವರಿಗಿಂತ ಚೆನ್ನಾಗಿ ಹೇಳಿದೆ.

ಇಲ್ಲಿಯವರೆಗಿನದು ತುಂಟತನ ಎಂದುಕೊಳ್ಳಬಹುದಿತ್ತು. ಮುಂದಿನದಕ್ಕೆ ಬೇರೆ ಹೆಸರಿದೆ. ಪರೀಕ್ಷೆಗೆ ಕೆಲವೇ ದಿನ ಉಳಿದಿದ್ದಾಗ ಜೊತೆಯ ಹುಡುಗನೊಬ್ಬ ಇತಿಹಾಸದ ಪುಸ್ತಕವನ್ನು ಒಂದು ಹಗಲಿನ ಮಟ್ಟಿಗೆ ನನಗೆ ಕೊಟ್ಟ. ಹುಣಿಸೆಮರದ ಕೆಳಗೆ ಕೂತು ಓದಿದೆ. ಹ್ಯಾನಿಬಾಲನಿಗೆ ಕೋಟೆ ಒಡೆಯುವ ಯಂತ್ರಗಳಿರಲಿಲ್ಲ. ಅವನ ಸ್ವಂತ ಊರಿನಿಂದ ಕುಮ್ಮಕ್ಕು ಬರಲಿಲ್ಲ. ಯಾವ ಬಾಗಿಲಲ್ಲಿಯೂ ಯಾವ ತಾಯಿಯೂ ನಿಂತಿರಲಿಲ್ಲ. ಆ ಸಂಜೆ ಗಫೂರ್ ನೆಲದ ಮೇಲೆ ತರ್ಕದ ವೃತ್ತಗಳನ್ನು ಕಡೆಯ ಸಲ ನನಗೆ ತಿದ್ದಿಸಿ, ಸೀಮೆಸುಣ್ಣ ಕೆಳಗಿಟ್ಟು, ಕೇಳಿದ: "ಈಗ ನೀನು ಹೇಳು. ಆ ಹ್ಯಾನಿಬಾಲ್ ಕತೆ, ಅದೇ ಬರೋದು ನೋಡ್ತಿರು."

ನನ್ನ ಬಾಯಿಯಲ್ಲಿ ನಿಜ ಇತ್ತು. ಅದನ್ನು ಹೇಳಿದರೆ ಕಿಟಕಿ, ಡೇರೆ, ಕುರ್ಚಿ — ಎಲ್ಲವನ್ನೂ ಹೇಳಬೇಕು. ಅವನು ಬೈದಾನೆಂಬ ಭಯವಲ್ಲ. ಅವನಿಗೆ ಬೈಯುವುದು ಬರುತ್ತಿರಲಿಲ್ಲ. ಅವನ ಕಣ್ಣಲ್ಲಿ ನಾನು ಇತಿಹಾಸದ ಪಂಡಿತನಾಗಿದ್ದೆ. ಆ ಕುರ್ಚಿಯಿಂದ ಇಳಿಯಲು —

"ತಾಯಿ ಅಡ್ಡ ಬಂದ್ಳು" ಎಂದೆ.

ಬೇಸಗೆಯಾದ್ದರಿಂದ ಪರೀಕ್ಷೆಗೆ ಕೋಟಿನ ನಿಯಮವನ್ನು ಸಡಿಲಿಸಿದ್ದರು. ಇಬ್ಬರೂ ಅಂಗಿಯಲ್ಲಿ ಕೂತು ಬರೆದೆವು. ಹ್ಯಾನಿಬಾಲನ ಪ್ರಶ್ನೆ ಬಂದಿತ್ತು. ಎರಡು ಸಾಲಿನಾಚೆ ಕೂತಿದ್ದ ಗಫೂರ್ ನನ್ನ ಕಡೆ ನೋಡಿ ನಕ್ಕ — ಹೇಳಿದ್ನಲ್ಲ, ಎಂಬಂತೆ. ನಾನು ತಲೆ ತಗ್ಗಿಸಿ ಯಂತ್ರಗಳ ವಿಷಯ ಬರೆದೆ.

ಅವನು ಇತಿಹಾಸದಲ್ಲಿ ನಪಾಸಾದ. ಮತ್ತೆ ಕಟ್ಟು ಎಂದೆ. "ಇಲ್ಲ ಬಿಡು ಮುನಿ. ನಿನ್ನಂಥೋನು ಹೇಳ್ಕೊಟ್ಟೂ ಬರ್ಲಿಲ್ಲ ಅಂದ್ರೆ ನನ್ ತಲೇನೇ ಅಷ್ಟು" ಎಂದು ಮುಳಬಾಗಿಲಿಗೆ ಹೋಗಿ ಅಪ್ಪನ ಮಿಷನ್ನಿನ ಮುಂದೆ ಕೂತ. ನಾನು ಬಿ.ಎ. ಮಾಡಿ, ಬೇರೆಲ್ಲ ಬಿಟ್ಟು ಇತಿಹಾಸದ ಮೇಷ್ಟ್ರೇ ಆದೆ. ಹ್ಯಾನಿಬಾಲನ ಪಾಠ ಪ್ರತಿ ವರ್ಷ ಬರುತ್ತಿತ್ತು.

ನನ್ನ ಕೋಟುಗಳನ್ನೆಲ್ಲ ಗಫೂರನೇ ಹೊಲಿದ — ಕೆಲಸಕ್ಕೆ ಸೇರಿದಾಗಿನದು, ಮದುವೆಯದು. ಎಲ್ಲವೂ ನನ್ನ ಮೈಗೆ ಒಂದಿಷ್ಟು ಸಡಿಲ. ಕೇಳಿದರೆ, "ಇರ್ಲಿ ಬಿಡೋ. ಯಾವತ್ತಾದ್ರೂ ನಾನೂ ಹಾಕ್ಕೋಬೇಕಾಗ್ಬಹುದು" ಎಂದು ಹೊಟ್ಟೆ ಕುಣಿಸಿ ನಗುತ್ತಿದ್ದ. ನನ್ನ ಹೆಂಡತಿಗೆ ಈ ಸಡಿಲು ಬೇಸರ. ನಾನು ಒಂದನ್ನೂ ಬಿಗಿ ಮಾಡಿಸಲು ಬಿಡಲಿಲ್ಲ.

ನಿವೃತ್ತಿಯ ಸಮಾರಂಭಕ್ಕೊಂದು ಕೋಟು ಬೇಕಾಗಿ ಹೋದ ತಿಂಗಳು ಅವನ ಅಂಗಡಿಗೆ ಹೋದೆ. ಅವನು ಟೇಪು ಹಿಡಿದು ನನ್ನ ಎದೆ ಅಳೆಯುತ್ತ ಹೇಳಿದ: "ಮೊಮ್ಮಗಳು ಕಾಲೇಜು ಸೇರಿದಾಳೆ ಕಣೋ. ನಿನ್ನ ಹ್ಯಾನಿಬಾಲ್ ಕತೆ ಹೇಳ್ದೆ. ಪುಸ್ತಕದಲ್ಲಿ ಹಂಗಿಲ್ಲ ತಾತಾ ಅಂತಾಳೆ! ನಮ್ಮ ಮುನಿ ಹೇಳಿದ್ದು, ಅವನು ಇತಿಹಾಸದ ಮೇಷ್ಟ್ರು, ನಿನ್ ಪುಸ್ತಕಾನೇ ತಪ್ಪು ಅಂದೆ."

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಕಿಟಕಿ, ಡೇರೆ, ಕುರ್ಚಿ. ಹುಣಿಸೆಮರದ ಕೆಳಗೆ ಓದಿದ ಪುಸ್ತಕ. ಆ ಸಂಜೆ.

ಟೇಪು ನನ್ನ ಎದೆಯ ಮೇಲೆಯೇ ನಿಂತಿತ್ತು.

"ಹಂಗಾದ್ರೆ" ಎಂದ ಗಫೂರ್, "ಆ ಅಮ್ಮ ಇರ್ಲೇ ಇಲ್ವಾ, ಮುನಿ?"

"ಇರಲಿಲ್ಲ."

ಅವನು ಬರೆದುಕೊಂಡಿದ್ದ ಅಳತೆಯನ್ನು ಹೊಡೆದುಹಾಕಿದ. "ಕೈ ಎತ್ತು" ಎಂದು ಮೊದಲಿನಿಂದ ಅಳೆದ. ಆಮೇಲೆ ಟೀ ತರಿಸಿದ, ಇಬ್ಬರೂ ಕುಡಿದೆವು.

ಕೋಟು ಹೇಳಿದ ದಿನಕ್ಕೇ ಸಿದ್ಧವಾಗಿತ್ತು. ತೊಟ್ಟು ನೋಡಿದೆ. ಸರಿಯಾಗಿ ನನ್ನ ಅಳತೆಗೇ ಇತ್ತು.