ಹಾಲುತೊಂಡೆ ಹುಳುಗಳ ಮುನಿರತ್ನಮ್ಮ

ಬಂಗಾರಪೇಟೆಯ ಅಂಚಿನಲ್ಲಿರುವ ಪುಟ್ಟ ಸಂಶೋಧನಾಲಯದ ಬೀಗ ತೆಗೆಯುವ ಹೊತ್ತಿಗೆ ಇನ್ನೂ ಆರು ಗಂಟೆಯಾಗಿರುವುದಿಲ್ಲ. ಉರಿಗಾಂನಿಂದ ಮೊದಲ ರೈಲಿಗೆ ಬಂದ ಮುನಿರತ್ನಮ್ಮ ಕೈಕಾಲು ತೊಳೆದು, ಒದ್ದೆ ಗೋಣಿಯಡಿ ಇಟ್ಟಿದ್ದ ಹಿಪ್ಪುನೇರಳೆ ಸೊಪ್ಪನ್ನು ತಟ್ಟೆಗಳ ಮೇಲೆ ಹರಡುತ್ತಾರೆ. ಆರುನೂರು ರೇಷ್ಮೆಹುಳು, ದಿನಕ್ಕೆ ನಾಲ್ಕು ಊಟ. ಇಷ್ಟೆಲ್ಲ ತಿಂದರೂ ಒಂದು ಹುಳುವೂ ಗೂಡು ಕಟ್ಟುವುದಿಲ್ಲ!

ಇವನ್ನು ಸಾಕುವುದು ಸೀರೆಗಲ್ಲ. ಮನುಷ್ಯರ ಚರ್ಮಕ್ಕೆ ಬಣ್ಣ ಕೊಡುವ ಕಿಣ್ವವೊಂದಿದೆ. ಅದರ ವಂಶವಾಹಿಯನ್ನು ಇಲ್ಲಿ ಒಂದು ವೈರಸ್ಸಿನೊಳಗೆ ಸೇರಿಸಿ, ಆ ವೈರಸ್ಸನ್ನು ಹುಳುಗಳಿಗೆ ಚುಚ್ಚುತ್ತಾರೆ. ನಾಲ್ಕೈದು ದಿನಕ್ಕೆ ಹುಳುವಿನ ರಕ್ತದಲ್ಲಿ ಮನುಷ್ಯರ ಕಿಣ್ವ ತಯಾರು. ಇದು ಔಷಧವಲ್ಲ, ಅಧ್ಯಯನಕ್ಕಷ್ಟೇ ಎಂದು ಮುಖ್ಯಸ್ಥ ಡಾ. ಶ್ರೀನಿವಾಸಪ್ಪ ಒತ್ತಿ ಹೇಳುತ್ತಾರೆ.

ಮುನಿರತ್ನಮ್ಮನವರಿಗೆ ಹುಳು ಸಾಕುವುದು ತವರಿನಿಂದ ಬಂದ ಕೆಲಸ. ಗಂಡ ಕದಿರಪ್ಪ ನಂದಿದುರ್ಗ ಚಿನ್ನದ ಗಣಿಯಲ್ಲಿ ಕೂಲಿ. ವಯಸ್ಸು ಮೂವತ್ತರ ಸುಮಾರಿಗೆ ಮುನಿರತ್ನಮ್ಮನವರ ಕೈಬೆರಳುಗಳಿಗೆ ತೊನ್ನು ಹತ್ತಿತು. ಅದು ಅಂಟುವ ರೋಗವಲ್ಲವೆಂದರೆ ಕೇಳುವವರ್ಯಾರು? ಹುಳುಮನೆಗಳವರು ಕೂಲಿಗೆ ಕರೆಯುವುದನ್ನೇ ಬಿಟ್ಟರು. "ಈ ಕೈಲಿ ನೀರ್ ಕೊಟ್ರೂ ಈಸ್ಕಣ್ತಿರ್ಲಿಲ್ಲ ಸಾರ್," ಎನ್ನುತ್ತಾರೆ. ಹನ್ನೆರಡು ವರ್ಷ ಹೀಗೇ ಕಳೆದ ಮೇಲೆ, ಎರಡು ವರ್ಷದ ಹಿಂದೆ, ೧೯೯೫ರಲ್ಲಿ, ಕರೆದು ಕೆಲಸ ಕೊಟ್ಟದ್ದು ಈ ಸಂಶೋಧನಾಲಯ ಒಂದೇ.

ಆ ಕೆಲಸವೂ ಮೊದಲ ತಿಂಗಳಲ್ಲೇ ಹೋಗುವುದರಲ್ಲಿತ್ತು. ವೈರಸ್ ಚುಚ್ಚಿದ ನಾಲ್ಕನೇ ಬೆಳಿಗ್ಗೆ ಬಂದು ನೋಡಿದರೆ ಹುಳುಗಳು ಊದಿಕೊಂಡು, ಹೊಳೆಯುತ್ತ, ತಟ್ಟೆಯ ಅಂಚಿನಲ್ಲಿ ತೆವಳುತ್ತಿದ್ದವು. ರೇಷ್ಮೆ ಬೆಳೆಗಾರರ ಎದೆ ನಡುಗಿಸುವ ಹಾಲುತೊಂಡೆ ರೋಗ! ಯಾರನ್ನೂ ಕೇಳದೆ ಇನ್ನೂರು ಹುಳು ಆರಿಸಿ ಸುಣ್ಣದ ಗುಂಡಿಗೆ ಹಾಕಿದರು. ಕಿಣ್ವ ತುಂಬಿದ್ದದ್ದು ಆ ಇನ್ನೂರರಲ್ಲೇ. ವೈರಸ್ಸಿನಿಂದ ಬರಬೇಕಾಗಿದ್ದದ್ದೇ ಆ ರೋಗ, ಅದನ್ನು ಇವರಿಗೆ ಯಾರೂ ಹೇಳಿರಲಿಲ್ಲ; ಗೊತ್ತಾದದ್ದು ಹುಳುಗಳು ಸುಣ್ಣಕ್ಕೆ ಬಿದ್ದ ಮೇಲೆ.

"ಆಲುತೊಂಡೆ ಉಳ ಕಂಡ್ರೆ ತಗ್ದಾಕು ಅಂತ ನಮ್ಮಮ್ಮ ಕಲ್ಸಿದ್ಲು, ಕೈ ಸುಮ್ಕಿರ್ಲಿಲ್ಲ. ನಾನೇ ಓಗಿ ಯೋಳ್ದೆ, ತಪ್ಪಾಯ್ತು, ನಾಳೆಯಿಂದ ಬರಾಕಿಲ್ಲ ಅಂತ."

ಡಾಕ್ಟರು ಮೊದಲು ತಲೆ ಮೇಲೆ ಕೈ ಹೊತ್ತು ಕೂತರಂತೆ. ಆಮೇಲೆ ಗುಂಡಿಗೆ ಹಾಕಿದ ಹುಳುಗಳನ್ನು ಹೇಗೆ ಗುರುತಿಸಿದಿರಿ ಎಂದು ಒಂದೊಂದಾಗಿ ಕೇಳತೊಡಗಿದರು. ಬೇಗ ರಕ್ತ ತೆಗೆದರೆ ಕಿಣ್ವ ಸಾಲದು, ತಡವಾದರೆ ಹುಳುವೇ ಒಡೆದುಹೋಗುತ್ತದೆ. ಆ ಹದ ಹಿಡಿಯಲಾಗದೆ ಅವರು ಆರು ತಿಂಗಳಿಂದ ಒದ್ದಾಡುತ್ತಿದ್ದರು. ಉಳಿದ ವೈರಸ್ಸು ಇನ್ನೊಂದು ಸಲಕ್ಕೆ ಸಾಕಾಗುವಷ್ಟೇ ಇತ್ತು. ಆ ಸಲ ಮುನಿರತ್ನಮ್ಮ ಹುಳುವಿನ ಬೆನ್ನು ಮುಟ್ಟಿ "ಇದು ಆಯ್ತು" ಎಂದ ಮೇಲೆಯೇ ಸೂಜಿ ಚುಚ್ಚಿ ರಕ್ತ ತೆಗೆದರು; ಕಿಣ್ವ ಬೇಕಾದಷ್ಟು ಸಿಕ್ಕಿತು.

ಎರಡು ವರ್ಷದಿಂದ ಅದೇ ಪದ್ಧತಿ. ಈ ಬೆಳಿಗ್ಗೆಯೂ ನಲವತ್ತು ಹುಳು ಆರಿಸಿ ಮುಗಿಸಿದ್ದಾರೆ. ಮೊನ್ನೆ ಡಾಕ್ಟರು ಇವರನ್ನು ಒಳಗೆ ಕರೆದು, ಸೋಸಿ ಶುದ್ಧ ಮಾಡಿದ ಕಿಣ್ವವನ್ನು ಗಾಜಿನ ನಳಿಗೆಯಲ್ಲಿ, ಬಣ್ಣವಾಗಬಲ್ಲ ರಾಸಾಯನಿಕ ಕರಗಿಸಿದ್ದ ತಿಳಿನೀರಿಗೆ ಬೆರೆಸಿ ತೋರಿಸಿದರಂತೆ. ನೋಡನೋಡುತ್ತ ನೀರು ಕಂದು ಬಣ್ಣಕ್ಕೆ ತಿರುಗಿ, ಕಪ್ಪಾಯಿತು. ಅದನ್ನು ನೆನೆದು ಅವರ ಕಣ್ಣು ಈಗಲೂ ತುಂಬಿಕೊಳ್ಳುತ್ತದೆ.

"ನನ್ ಮೈಗೆ ಬರ್ದಿದ್ರೆ ಓಗ್ಲಿ ಸಾರ್. ನಾನ್ ಮುಟ್ಟಿದ್ ಉಳದಿಂದ ಬಣ್ಣ ಬಂತಲ್ಲ."