ರಂತುನ್‌ನ ಆರು ಹಲ್ಲು

ನನ್ನ ದೊಡ್ಡಪ್ಪನ ಮಗ ವಾಯನ್ ರಂತುನ್ ಮರ ಕೆತ್ತುವವನು. ಬಾಲಿಯ ನಮ್ಮ ಕೇರಿಯ ಬಾಗಿಲುಗಳಿಗೆಲ್ಲ ಅವನ ಅರ ತಾಗಿದೆ. ಅವನ ಹಲ್ಲಿಗೆ ಮಾತ್ರ ನಲವತ್ತಾದರೂ ಅರ ತಾಗಿರಲಿಲ್ಲ. ನಮ್ಮವರ ನಂಬಿಕೆಯಲ್ಲಿ ಮೇಲಿನ ಆರು ಹಲ್ಲುಗಳೇ ಅರಿಷಡ್ವರ್ಗ. ಅವನ್ನು ಉಜ್ಜಿ ಸವೆಸದೆ ಸತ್ತವನು ಪಿತೃಗಳನ್ನು ಸೇರುವುದಿಲ್ಲ. ಈ ಶಾಸ್ತ್ರ ಮಾಡಿಸುವುದು ಹೆತ್ತವರ ಹೊಣೆ. ದೊಡ್ಡಪ್ಪ ಬೇಗ ಹೋಗಿದ್ದರಿಂದ ಅದು ದೊಡ್ಡಮ್ಮನ ತಲೆಯ ಮೇಲೆ ಉಳಿದಿತ್ತು.

ಕೊನೆಗೆ ನನ್ನ ಮಕ್ಕಳ ಜೊತೆ ಅವನಿಗೂ ದಿನ ಗೊತ್ತಾಯಿತು. ಅಷ್ಟರಲ್ಲಿ ಅವನಿಗೆ ಹೆಪಟೈಟಿಸ್‌ನ ಇಂಜೆಕ್ಷನ್ ಶುರುವಾಗಿತ್ತು.

"ಟ್ರೀಟ್‌ಮೆಂಟ್ ಮುಗಿಯೋವರೆಗೂ ಹಲ್ಲು ಮುಟ್ಟಿಸಬೇಡ," ಎಂದರು ಡಾಕ್ಟರು. "ರಕ್ತ ನಿಲ್ಲೋದು ಕಷ್ಟ. ಅದೇ ಅರದಿಂದ ಬೇರೆಯವ್ರಿಗೂ ಅಂಟುತ್ತೆ."

"ಇನ್ನೂ ಎಂಟು ತಿಂಗಳು," ನನ್ನತ್ತ ತಿರುಗಿ ಅಂದ ರಂತುನ್. "ಅಮ್ಮ ಅಷ್ಟು ದಿನ ಇರ್ತಾಳಾ, ನ್ಯೋಮನ್?"

ದೊಡ್ಡಮ್ಮ ಹಾಸಿಗೆ ಹಿಡಿದಿದ್ದರು. ಕಣ್ಣಿಗೆ ಪೊರೆ ಬಂದು ಕಾಣುತ್ತಿದ್ದುದು ಬೆಳಕು ನೆರಳಷ್ಟೇ. "ಅವನದೊಂದು ಆಗ್ಲಿ, ಹೊರಡ್ತೀನಿ. ಹಾಗೇ ಹೋದ್ರೆ ನಿಮ್ಮ ದೊಡ್ಡಪ್ಪ ಬೈಯ್ದೆ ಬಿಡ್ತಾರಾ?"

ಉಪಾಯ ನನ್ನದೇ. ಹುಟ್ಟಾ ಅಧಿಕಪ್ರಸಂಗಿ ನಾನು. ಊರವರ ಹಲ್ಲಿಗೆ ಅರ ಹಾಕುವ ಅಜ್ಜನಿಗೆ ರೋಗದ ವಿಷಯ ತಿಳಿಸಿ, "ಅವ್ರಿಗೆ ಕಣ್ಣು ಕಾಣಲ್ಲ. ಸದ್ದು ಕೇಳಿದ್ರೆ ಸಾಕು ಅಜ್ಜಾ," ಅಂದೆ.

"ದೇವರ ಕಣ್ಣಿಗೂ ಪೊರೆ ಬಂದಿದೆ ಅಂದ್ಕೊಂಡ್ಯಾ?" ಎಂದು ಗದರಿದ. ಆದರೂ ಒಪ್ಪಿದ.

ರಂತುನ್‌ನನ್ನು ಆ ದಿನ ನನ್ನ ಮಕ್ಕಳದಾದ ಮೇಲೆ ಕೊನೆಗೆ ಮಲಗಿಸಿದೆವು. ದೊಡ್ಡಮ್ಮನನ್ನು ಎತ್ತಿ ತಂದು ಕೂರಿಸಿದೆವು, ಅವರು ಅವನ ಕಾಲು ಹಿಡಿದುಕೊಂಡರು. ಅಜ್ಜ ಅವನ ಕೆನ್ನೆಯ ಪಕ್ಕ ತೆಂಗಿನ ಚಿಪ್ಪು ಹಿಡಿದು, ಅದರ ಮೇಲೆ ಅರ ಎಳೆದ.

"ನೋವಾಯ್ತಾ ಮಗಾ?"

"ಇಲ್ಲಮ್ಮ."

ಅವತ್ತು ದೊಡ್ಡಮ್ಮ ಎಷ್ಟೋ ದಿನಗಳ ಮೇಲೆ ಕೇಳಿ ಅನ್ನ ಹಾಕಿಸಿಕೊಂಡರು. ನಾನು ಬೀಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೊರಡುತ್ತೇನೆ ಎಂದವರು ಹೊರಡಲಿಲ್ಲ. ಔಷಧಿ ಶುರುವಾದದ್ದೇ ತಡವಾಗಿತ್ತು. ಐದನೆಯ ತಿಂಗಳಿಗೆ ರಂತುನ್‌ನ ಲಿವರ್ ಕೈಕೊಟ್ಟಿತು, ರಕ್ತ ಕಾರಿಕೊಂಡು ಹೋದ.

ಬದುಕಿದ್ದಾಗ ಆಗದಿದ್ದರೆ ಹೆಣಕ್ಕಾದರೂ ಅರ ಹಾಕಿಯೇ ಸುಡಬೇಕು. ಅಜ್ಜ ಮತ್ತೆ ಬಂದ, ಕೈಗವಸು ತೊಟ್ಟು ಹಲ್ಲಿಗೇ ಅರ ಹಾಕಿದ. ಮಗನಿಗಾಗಿ ಅತ್ತು ಸೋತಿದ್ದ ದೊಡ್ಡಮ್ಮನನ್ನು ಒಳಗೆ ಮಲಗಿಸಿ ಬಾಗಿಲು ಹಾಕಿದ್ದೆ.

"ಅದೇನೇ ಸದ್ದು?"

"ಯಾರೋ ಮರ ಉಜ್ತಿದ್ದಾರೆ ದೊಡ್ಡಮ್ಮ."

ಅವರು ತುಂಬ ಹೊತ್ತು ಕಿವಿಗೊಟ್ಟು ಕೇಳಿದರು.

"ಮರ ಕೆತ್ತೋನ ತಾಯಿ ಕಣೇ ನಾನು. ಇದು ಮರ ಅಲ್ಲ, ಹಲ್ಲು," ಅಂದರು. "ಅವತ್ತು ಉಜ್ಜಿದ್ದು ಏನನ್ನ?"