ಎಡಮೂಲೆಯ ಯೋಗೀಶ

ಅವತ್ತು ಬುಧವಾರ, ಎರಡು ಸಾವಿರದ ಇಪ್ಪತ್ತೆರಡರ ಫೆಬ್ರವರಿ. ಸ್ಯಾನ್ ಡಿಯಾಗೊ ಹತ್ತಿರದ ಪೊವೇಯಲ್ಲಿ, ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಯೋಗೀಶ ಮೊಣಕಾಲೂರಿ ಚಾಕ್‌ಪೀಸಿನಿಂದ ನೆಲಕ್ಕೆ ಗೆರೆ ಎಳೆಯುತ್ತಿದ್ದ. ವಾಷಿಂಗ್ ಮೆಷಿನ್ನಿನ ಗೋಡೆಯಿಂದ ಆಚೆ ಗೋಡೆಯವರೆಗೆ ಒಂದೇ ನೇರ ಗೆರೆ. ಸಂಜೆ ಕಾರು ಒಳಗೆ ಬಂದರೆ ಟೈರಿಗೆ ಅದು ಅಳಿಸಿಹೋಗುತ್ತಿತ್ತು. ಬೆಳಿಗ್ಗೆ ಕಾರು ಹೊರಗಿಟ್ಟು ಮತ್ತೆ ಎಳೆಯುತ್ತಿದ್ದ. ಎರಡು ವರ್ಷದಿಂದ ಇದೇ ಕತೆ.

ಹೆಂಡತಿ ವಾರಿಜಾ ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಪೇಂಟ್ ಹೊಡೆದುಬಿಡಿ ಅಂತ ಎಷ್ಟು ಸಲ ಹೇಳುದು?"

"ಬಾಡಿಗೆ ಮನೆ ಮಾರಾಯ್ತಿ. ಓನರು ಬಿಟ್ಟಾನಾ?"

ಗೆರೆ ಮಗನಿಗಾಗಿ. ಯಶ್‌ಗೆ ಹತ್ತೊಂಬತ್ತು. ಐಸ್ ಹಾಕಿ ಆಡುತ್ತಾನೆ, ಡಿಫೆನ್ಸಿನಲ್ಲಿ. ಅಲ್ಲಿ ಚೆಂಡಿನ ಬದಲು ಕಪ್ಪು ರಬ್ಬರಿನ ಬಿಲ್ಲೆ ಇರುತ್ತದೆ, ಅದಕ್ಕೆ ಪಕ್ ಎನ್ನುತ್ತಾರೆ. ಎದುರಿನವನು ಪಕ್ ತಳ್ಳಿಕೊಂಡು ಬಂದರೆ ಗೋಲಿನ ಹತ್ತಿರ ಬಿಡದೆ ತಡೆಯುವುದು ಯಶ್‌ನ ಕೆಲಸ. ಆ ಕೆಲಸಕ್ಕೆ ನಿಲ್ಲುವವರು ಬಾಗಿಲಿನಷ್ಟು ಎತ್ತರ, ಕಪಾಟಿನಷ್ಟು ಅಗಲ. ಯಶ್ ಐದಡಿ ಎಂಟಿಂಚು, ನೂರ ಐವತ್ತೆಂಟು ಪೌಂಡು, ಅಂದರೆ ಎಪ್ಪತ್ತೆರಡು ಕಿಲೊ. ಅಪ್ಪನಿಗಿಂತ ನಾಲ್ಕಿಂಚು ಹೆಚ್ಚು, ಅಷ್ಟೇ.

ಹಿಂದಿನ ವಾರ ಒಬ್ಬ ಕೋಚ್ ಬಂದು ಅವನ ಆಟ ನೋಡಿ ಹೋಗಿದ್ದ. ಸಂಬಳ ಕೊಟ್ಟು ಆಡಿಸುವ ತಂಡದವನು. ದೊಡ್ಡ ಲೀಗ್ ಅಲ್ಲ, ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿನದು. ಹುಡುಗ ಚೆನ್ನಾಗಿ ಆಡುತ್ತಾನೆ, ಆದರೆ ಚಿಕ್ಕವನು ಎಂದಿದ್ದ. ಸೆಪ್ಟೆಂಬರಿನ ಕ್ಯಾಂಪಿಗೆ ಬರಲಿ, ನೋಡೋಣ ಎಂದಿದ್ದ.

"ಏಳು ತಿಂಗಳು ಉಂಟು," ಎಂದಳು ವಾರಿಜಾ. "ದಿನಾ ಆರು ಮೊಟ್ಟೆ, ತುಪ್ಪ, ಬಾಳೆಹಣ್ಣು. ಇಪ್ಪತ್ತು ಪೌಂಡ್ ಏರಿಸ್ತೇನೆ ಅವನನ್ನು."

"ಬೇಡ."

"ಎಂತಕ್ಕೆ ಬೇಡ? ಚಿಕ್ಕವ ಅಂತ ಕೋಚೇ ಹೇಳಿದ್ದಲ್ವಾ?"

"ಆ ಇಪ್ಪತ್ತು ಪೌಂಡ್ ಹೊತ್ಕೊಂಡು ಓಡುದು ಯಾರು, ನೀನಾ? ಅವನಿಗೆ ತೂಕ ಬೇಡ ವಾರಿಜಾ. ಕಾಲು ಬೇಕು."

ವಾರಿಜಾಳಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವಳ ಬಾಯಿಗೆ ಬೀಗ ಇಲ್ಲ.

"ನೀವೊಬ್ಬರು ಕುಳ್ಳ ಸಾಕು ಈ ಮನೆಗೆ. ಮಗನೂ ನಿಮ್ಮ ಹಾಗೇ ಎಲ್ಲಾದ್ರೂ ಐಸ್ ಒರೆಸಿಕೊಂಡು ಬಿದ್ದಿರ್ಲಿ ಅಂತವಾ?"

ಯೋಗೀಶ ಎದ್ದು ಮೊಣಕಾಲಿನ ಧೂಳು ಕೊಡವಿದ. ನಕ್ಕ.

"ಐಸ್ ಒರೆಸುವವನಿಗೇ ಅಲ್ವಾ ಐಸ್ ಗೊತ್ತಿರುದು?"

ನಾಲ್ಕು ನೀರುದೋಸೆ ತಿಂದು ಕೆಲಸಕ್ಕೆ ಹೋದ. ಸಂಜೆ ಬಂದ, ಮೀನುಸಾರು ಊಟ ಮಾಡಿದ, ಮಲಗಿದ. ಆ ಮಾತು ಮತ್ತೆ ಬರಲಿಲ್ಲ.

ಗುರುವಾರ ಅವಳು ಏಳುವ ಮೊದಲೇ ಗೆರೆ ಎಳೆದಿಟ್ಟು ಹೋಗಿದ್ದ. ಹಾಕಿ ಆಡುವ ಐಸಿನ ಅಂಗಳಕ್ಕೆ ರಿಂಕ್ ಎನ್ನುತ್ತಾರೆ; ಅಲ್ಲಿ ಐಸ್ ಸಮ ಮಾಡುವ ದೊಡ್ಡ ಗಾಡಿ ಓಡಿಸುವುದು ಅವನ ಕೆಲಸ. ಐಸ್ ಪೂರ್ತಿ ಮುಗಿಸಿದ. ಗಾಡಿ ಒಳಗೆ ನಿಲ್ಲಿಸಿದ. ಬೆಂಚಿನ ಮೇಲೆ ಕೂತ. ಏಳಲಿಲ್ಲ. ಹಾರ್ಟು ಎಂದರು. ಐವತ್ತು ವಯಸ್ಸು.

ಪರಿಚಯದ ರಾಕೇಶ್ ಮೊದಲು ಬಂದವನು. ಬೆಂಗಳೂರಿನ ಕಡೆಯವನು, ಟೆಲಿಕಾಂ ಇಂಜಿನಿಯರು. ಅವನ ಮಗನೂ ಅದೇ ರಿಂಕಿನಲ್ಲಿ ಆಡುತ್ತಿದ್ದ. ಆಸ್ಪತ್ರೆ, ಪೇಪರ್ರು, ಎಲ್ಲಕ್ಕೂ ಅವನೇ ಓಡಾಡಿದ. ಆ ಸಂಜೆ ರಿಂಕಿನಿಂದ ಯೋಗೀಶನ ಕಾರನ್ನು ತಂದು, ಒಳ್ಳೆಯ ಮನಸ್ಸಿನಿಂದಲೇ, ಗ್ಯಾರೇಜಿನೊಳಗೆ ನಿಲ್ಲಿಸಿದ. ಗುರುವಾರದ ಗೆರೆ ಹೋಯಿತು.

ಬೂದಿಯನ್ನು ಸ್ಯಾನ್ ಡಿಯಾಗೊ ಕಡಲಿಗೇ ಬಿಟ್ಟರು. ಊರಿಗೆ ಒಯ್ಯಬೇಕು ಎಂದರು ಕೆಲವರು. ಕಾಪುವಿನಲ್ಲಿ ಇರುವುದೂ ಕಡಲೇ, ಎಂದಳು ವಾರಿಜಾ.

ಯೋಗೀಶ ಹುಟ್ಟಿ ಬೆಳೆದದ್ದು ಕಾಪುವಿನಲ್ಲಿ. ಶಾಲೆ ತಲೆಗೆ ಹತ್ತಲಿಲ್ಲ, ಕಬಡ್ಡಿ ಕಾಲಿಗೆ ಹತ್ತಿತು. ಎಡಮೂಲೆಯಲ್ಲಿ ನಿಲ್ಲುತ್ತಿದ್ದ. ದಾಳಿಗೆ ಬಂದವನು ಮೊದಲು ನೋಡುವುದು ಮೂಲೆಯವನನ್ನೇ. ಅಲ್ಲಿ ಐದಡಿ ನಾಲ್ಕಿಂಚಿನವನು ಕಂಡರೆ ನಗು ಬರುತ್ತಿತ್ತು. ನಕ್ಕವನು ತನ್ನ ಅಂಗಳಕ್ಕೆ ವಾಪಸ್ ಹೋಗುತ್ತಿರಲಿಲ್ಲ. ಯೋಗೀಶ ಅವನ ಮೈ ಮೇಲೆ ಬೀಳುತ್ತಿರಲಿಲ್ಲ. ಹಿಂದೆ ಸರಿಯುತ್ತಾ, ದಾರಿ ಬಿಟ್ಟಂತೆ ಮಾಡಿ ಮುಚ್ಚುತ್ತಾ, ಅವನನ್ನು ಅಂಚಿನ ಗೆರೆಗೆ ಕರೆದುಕೊಂಡು ಹೋಗಿ, ಆಮೇಲೆ ಪಾದ ಹಿಡಿಯುತ್ತಿದ್ದ. ಉಡುಪಿಯಿಂದ ಮೂಡಬಿದ್ರೆವರೆಗೂ ಪಂದ್ಯಾಟಕ್ಕೆ ಕರೆಯುತ್ತಿದ್ದರು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಮೈಕಿನಲ್ಲಿ ಯಾರಾದರೂ ಹೇಳಿದರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಆ ಗಾದೆ ಮಾಡಿದವ ಉದ್ದ ಇದ್ದಿರಬೇಕು, ಎನ್ನುತ್ತಿದ್ದ.

ವಾರಿಜಾ ಅವನಿಗಿಂತ ಎರಡು ಬೆರಳು ಎತ್ತರ. ಮದುವೆ ಫೋಟೋದಲ್ಲಿ ಅವನು ಮಣೆಯ ಮೇಲೆ ನಿಂತಿದ್ದಾನೆ.

ಎರಡು ಸಾವಿರದ ಒಂದರಲ್ಲಿ ಅಡುಗೆ ಕೆಲಸಕ್ಕೆಂದು ಲಾಸ್ ಏಂಜಲೀಸಿಗೆ ಬಂದರು. ಆರ್ಟೀಸಿಯದಲ್ಲಿ ಹೋಟೆಲು, ವೆಸ್ಟ್ ಕೊವಿನಾದಲ್ಲಿ ಒಂದು ರೂಮಿನ ಮನೆ. ಹೋಟೆಲು ಮುಚ್ಚಿತು. ಯೋಗೀಶ ರಿಂಕ್ ಗುಡಿಸುವ ಕೆಲಸಕ್ಕೆ ಸೇರಿದ. ಐಸ್ ಎಂಬುದನ್ನು ಅವನು ಅಲ್ಲಿಯವರೆಗೆ ನೋಡಿದ್ದು ಮೀನಿನ ಪೆಟ್ಟಿಗೆಯಲ್ಲಿ. ಗುಡಿಸುತ್ತಾ ಗುಡಿಸುತ್ತಾ ಗಾಡಿ ಓಡಿಸಲು ಕಲಿತ. ವಾರಿಜಾಳಿಗೂ ಬೆಳಿಗ್ಗೆ ಕೆಲಸ ಇತ್ತು. ನಾಲ್ಕು ವರ್ಷದ ಮಗನನ್ನು ಬಿಡುವುದು ಎಲ್ಲಿ? ಅಪ್ಪನ ಜೊತೆ ಕಳಿಸುತ್ತಿದ್ದಳು. ಯಾರೋ ಮರೆತು ಬಿಟ್ಟುಹೋದ ಸ್ಕೇಟ್ಸು ಮಗನ ಕಾಲಿಗೆ ಕಟ್ಟಿ ಯೋಗೀಶ ಅವನನ್ನು ಖಾಲಿ ಐಸಿಗೆ ಬಿಟ್ಟ. ಯಶ್ ಹಾಕಿ ಕಲಿತದ್ದು ಹಾಗೆ. ಪೊವೇಗೆ ಬಂದಾಗ ಅವನಿಗೆ ಒಂಬತ್ತು.

ಎರಡು ಸಾವಿರದ ಇಪ್ಪತ್ತರಲ್ಲಿ ಕೊರೊನಾ ಬಂತು, ರಿಂಕು ಮುಚ್ಚಿದರು. ಆಗ ಯೋಗೀಶ ಗ್ಯಾರೇಜಿನಲ್ಲಿ ಗೆರೆ ಎಳೆದ. ತಾನು ಕಬಡ್ಡಿ ಕಬಡ್ಡಿ ಎನ್ನುತ್ತಾ ಆಚೆಯಿಂದ ನುಗ್ಗುವುದು, ಗೆರೆ ದಾಟದಂತೆ ಮಗ ತಡೆಯುವುದು. ಕೈ ಹಾಕುವಂತಿಲ್ಲ. ಕಾಲಿನಿಂದಲೇ ದಾರಿ ಮುಚ್ಚಿ ಅಪ್ಪನನ್ನು ವಾಷಿಂಗ್ ಮೆಷಿನ್ನಿನ ಗೋಡೆಗೆ ಸೇರಿಸಬೇಕು.

"ಕಣ್ಣು ನೋಡ್ಬೇಡ. ಕಣ್ಣು ಸುಳ್ಳು ಹೇಳ್ತದೆ. ಸೊಂಟ ನೋಡು," ಎನ್ನುತ್ತಿದ್ದ. ಇನ್ನೊಂದು ಮಾತೂ ಹೇಳುತ್ತಿದ್ದ. "ಉದ್ದ ಇದ್ದವ ತಪ್ಪು ಮಾಡಿದ್ರೆ ಕೈ ಚಾಚಿ ಸರಿ ಮಾಡ್ತಾನೆ. ನಮಗೆ ಆ ಕೈ ಇಲ್ಲ. ನಾವು ಮೊದಲೇ ಅಲ್ಲಿರ್ಬೇಕು."

ವಾರಿಜಾ ಆಗ ಇದನ್ನೆಲ್ಲ ಆಟ ಎಂದುಕೊಂಡಿದ್ದಳು.

ಅವನು ಹೋದ ಹದಿನಾಲ್ಕನೇ ದಿನದಿಂದ ಅವಳು ಮಗನಿಗೆ ತಿನ್ನಿಸಲು ಶುರು ಮಾಡಿದಳು. ಇಂಡಿಯನ್ ಅಂಗಡಿಗೆ ದೋಸೆಹಿಟ್ಟು ರುಬ್ಬಿ ಕೊಡುವ ಕೆಲಸ ಅವಳದು, ಕೈ ಸುಮ್ಮನಿರುತ್ತಿರಲಿಲ್ಲ. ಬೆಳಿಗ್ಗೆ ಆರು ಮೊಟ್ಟೆ, ದೋಸೆಯ ಮೇಲೆ ತುಪ್ಪ. ಮಧ್ಯಾಹ್ನ ಕೋಳಿಸಾರು ಹಾಕಿದ ಕೋರಿರೊಟ್ಟಿ. ರಾತ್ರಿ ಹಾಲು, ಬಾಳೆಹಣ್ಣು, ಬಾದಾಮಿ. ರಾಕೇಶನನ್ನೂ ಕೇಳಿದಳು. ಅವನು ಫೋನಿನಲ್ಲಿ ಒಂದು ಪಟ್ಟಿ ತೆಗೆದು ತೋರಿಸಿದ.

"ಬೇಜಾರ್ ಮಾಡ್ಕೋಬೇಡಿ ಅಕ್ಕಾ. ದೊಡ್ಡ ಲೀಗಲ್ಲಿ ಡಿಫೆನ್ಸ್ ಆಡೋರ ಆವರೇಜ್ ನೋಡಿ, ಆರಡಿ ಒಂದಿಂಚಿನ ಮೇಲೇನೇ ಇದೆ. ಹೈಟ್ ಅಂತೂ ನಮ್ ಕೈಲಿಲ್ಲ. ವೇಯ್ಟ್ ಆದ್ರೂ ಇರ್ಲಿ."

"ಕುಳ್ಳರು ಒಬ್ಬರೂ ಇಲ್ವಾ?"

"ಇದಾರೆ. ಕೆಲವರು ಭಾರೀ ಚೆನ್ನಾಗೂ ಆಡ್ತಾರೆ. ಆದ್ರೆ ಅವರೆಲ್ಲ ಎಕ್ಸೆಪ್ಷನ್ ಅಕ್ಕಾ."

ಯಶ್ ಒಂದು ದಿನವೂ ಬೇಡ ಎನ್ನಲಿಲ್ಲ. ತಟ್ಟೆಗೆ ಬಿದ್ದದ್ದನ್ನೆಲ್ಲ ತಿಂದ. ಬೆಳಿಗ್ಗೆ ಗ್ಯಾರೇಜಿಗೆ ಹೋಗುವುದು ಬಿಟ್ಟ. ಹೋಗಿ ಮಾಡುವುದಾದರೂ ಏನು, ಎದುರಿಗೆ ಬರುವವನು ಇಲ್ಲ. ಆಗಸ್ಟಿನಲ್ಲಿ ನೂರ ಎಪ್ಪತ್ತೊಂಬತ್ತು ಪೌಂಡಿಗೆ ಬಂದ. ತೂಕದ ಮೆಷಿನ್ನಿನ ಮೇಲಿನ ನಂಬರು ನೋಡಿ ವಾರಿಜಾ ಗಂಡನ ಫೋಟೋದ ಕಡೆ ತಿರುಗಿ, "ನೋಡಿ," ಎಂದಳು.

ಕ್ಯಾಂಪ್ ನಡೆದದ್ದು ಬರ್ಬ್ಯಾಂಕಿನ ಆಚೆಯ ಒಂದು ರಿಂಕಿನಲ್ಲಿ. ಮೂರು ದಿನದ್ದು. ಎರಡನೇ ದಿನ ಮಧ್ಯಾಹ್ನವೇ ಕೋಚ್ ಯಶ್‌ನನ್ನು ಪಕ್ಕಕ್ಕೆ ಕರೆದ. ಎರಡು ನಿಮಿಷದ ಮಾತು. ಯಶ್ ಬ್ಯಾಗ್ ಎತ್ತಿಕೊಂಡು ಬಂದ. ಹೊರಗೆ ಕಾದಿದ್ದ ವಾರಿಜಾ ಏನೆಂದ ಎಂದು ಕೇಳಿದರೆ, ಕಾರಿನ ಬಾಗಿಲು ತೆಗೆದು ಕೂತ.

ಲಾಸ್ ಏಂಜಲೀಸ್ ಟ್ರಾಫಿಕ್ಕು ದಾಟಿ, ಸಮುದ್ರ ಬಲಗಡೆಗೆ ಬಂದಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದರು. ವಾರಿಜಾ ಡಬ್ಬಿ ತೆಗೆದಳು. ಕೋಳಿ, ತುಪ್ಪದನ್ನ.

"ತಿನ್ನು."

"ನಾಟ್ ಹಂಗ್ರಿ, ಅಮ್ಮ."

"ಬೆಳಿಗ್ಗೆಯಿಂದ ಎಂತದೂ ತಿನ್ಲಿಲ್ಲ. ಎರಡು ತುತ್ತು ತಿನ್ನು."

"ಅಮ್ಮ, ಪ್ಲೀಸ್, ಸ್ಟಾಪ್!"

ಪಕ್ಕದ ಕಾರಿನವರು ತಿರುಗಿ ನೋಡಿದರು. ಯಶ್‌ಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷು. ಅವತ್ತು ಹುಡುಕಿ ಹುಡುಕಿ ಕನ್ನಡದಲ್ಲೇ ಹೇಳಿದ.

"ಕೋಚ್ ಹೇಳಿದ್ದು... ಫೆಬ್ರವರಿಯಲ್ಲಿ ನೀನು ಚಿಕ್ಕವ ಇದ್ದೆ. ಈಗ ಚಿಕ್ಕವನೂ ಹೌದು, ಸ್ಲೋ ಕೂಡ ಹೌದು. ಎಲ್ಲರೂ ನನ್ನ ದಾಟಿ ಹೋದ್ರು ಅಮ್ಮ. ಎಲ್ಲರೂ."

ವಾರಿಜಾ ಡಬ್ಬಿ ಮುಚ್ಚಿದಳು.

"ಭಾರ ಆಯ್ತು ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ಜೂನ್."

"ಮತ್ತೆ ಎಂತಕ್ಕೆ ತಿಂದದ್ದು?"

"ನೀನು ಅಳ್ತಾ ಇದ್ದೆ. ನಾನು ತಿಂದ್ರೆ ನೀನು ಸ್ಟಾಪ್ ಮಾಡ್ತಿದ್ದೆ."

ವಾರಿಜಾ ಸಮುದ್ರ ನೋಡಿದಳು. ಗಂಡ ಬೇಡ ಎಂದಿದ್ದ. ಬಾಯಿ ಬಿಟ್ಟು, ಕಾರಣ ಸಮೇತ ಹೇಳಿದ್ದ. ಅವಳು ಕುಳ್ಳ ಎಂದಳು, ಐಸ್ ಒರೆಸುವವನು ಎಂದಳು. ಅವನು ಸತ್ತಮೇಲೆ ಅವನು ಬೇಡ ಎಂದದ್ದನ್ನೇ ಏಳು ತಿಂಗಳು ಮಗನ ಬಾಯಿಗೆ ತುರುಕಿದಳು.

ಇದನ್ನು ಮಗನಿಗೆ ಹೇಳಿದಳು. ಆ ಬುಧವಾರ ತಾನು ಆಡಿದ ಮಾತು ಒಂದೂ ಬಿಡದೆ.

"ಅಪ್ಪ ಎಂತ ಹೇಳಿದ್ರು?"

"ನಕ್ಕರು."

ಮಾರನೇ ಬೆಳಿಗ್ಗೆ ಐದು ಗಂಟೆಗೆ ವಾರಿಜಾ ಕಾರು ಹೊರಗಿಟ್ಟಳು. ಚಾಕ್‌ಪೀಸ್ ಡಬ್ಬ ಸಾಬೂನುಪುಡಿಯ ಹಿಂದೆ, ಅವನು ಇಟ್ಟಲ್ಲೇ ಇತ್ತು. ಗೆರೆ ಎಳೆದಳು. ಸ್ವಲ್ಪ ಸೊಟ್ಟ ಬಂತು. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಎಳೆದಳು. ಮಗನನ್ನು ಎಬ್ಬಿಸಿದಳು. ನೈಟಿಯ ಮೇಲೆ ಗಂಡನ ಸ್ವೆಟರ್ ಹಾಕಿ ಗೆರೆಯ ಆಚೆ ನಿಂತಳು.

"ಎಂತ ಇದು?" ಎಂದ ಯಶ್, ಕಣ್ಣುಜ್ಜಿಕೊಳ್ಳುತ್ತಾ.

"ನಾನು ಬರ್ತೇನೆ. ತಡಿ."

"ಅಮ್ಮ, ನೋ. ನೀನು ಬೀಳ್ತೀಯ."

"ಬಿದ್ರೆ ಏಳ್ತೇನೆ. ನಿನ್ನಪ್ಪನಿಗಿಂತ ಎರಡು ಬೆರಳು ಉದ್ದ ಇದ್ದೇನೆ ನಾನು. ತಡಿ ನೋಡುವಾ."

ಕಬಡ್ಡಿ ಕಬಡ್ಡಿ ಎನ್ನುತ್ತಾ ನುಗ್ಗಿದಳು. ನಲವತ್ತಾರು ವಯಸ್ಸಿನ ಹೆಂಗಸು, ಸೊಂಟ ನೋವು ಬೇರೆ. ಯಶ್‌ಗೆ ನಗು ತಡೆಯಲಿಲ್ಲ. ಅವಳು ಅವನ ಪಕ್ಕದಲ್ಲೇ ಗೆರೆ ದಾಟಿದಳು. ಅವನ ನಗು ನಿಂತಿತು. ಅಮ್ಮನೂ ದಾಟಿಹೋದಳು ಎಂದರೆ ಅವನ ಕಾಲು ಎಲ್ಲಿಗೆ ಬಂದಿತ್ತು ನೋಡಿ.

"ಅಮ್ಮ ಅಂತ ಬಿಟ್ಟದ್ದಾ, ನಿಜವಾಗ್ಲೂ ಆಗ್ಲಿಲ್ವಾ?"

"ಆಗ್ಲಿಲ್ಲ."

"ಸೊಂಟ ನೋಡು ಅಂತ ನಿನ್ನಪ್ಪ ಬಾಯಿ ಬಡ್ಕೊಳ್ತಿದ್ರಲ್ಲ. ನನ್ನ ಸೊಂಟ ಕಾಣದ್ದಾ ನಿಂಗೆ? ಇಷ್ಟಗಲ ಉಂಟು."

ಮೊಟ್ಟೆ ಎರಡಕ್ಕೆ ಇಳಿಯಿತು. ತುಪ್ಪ ದೇವರ ದೀಪಕ್ಕೆ ಹೋಯಿತು. ಯಶ್ ಹಗಲು ರಿಂಕಿನಲ್ಲಿ ಅಪ್ಪನ ಗಾಡಿ ಓಡಿಸುವ ಕೆಲಸಕ್ಕೆ ಸೇರಿದ, ಖಾಲಿ ಐಸ್ ಸಿಕ್ಕಾಗ ಆಡಿದ. ಬೆಳಿಗ್ಗೆ ಇಪ್ಪತ್ತು ನಿಮಿಷ ಗ್ಯಾರೇಜು. ಡಿಸೆಂಬರ್ ಹೊತ್ತಿಗೆ ವಾರಿಜಾಳಿಗೆ ಒಂದು ಸಲವೂ ಗೆರೆ ದಾಟಲು ಆಗುತ್ತಿರಲಿಲ್ಲ. ಎಡಕ್ಕೆ ಬಂದರೂ ಬಲಕ್ಕೆ ಬಂದರೂ ಕೊನೆಗೆ ಅವಳ ಬೆನ್ನಿಗೆ ವಾಷಿಂಗ್ ಮೆಷಿನ್ನು ತಾಗುತ್ತಿತ್ತು. ಮಗ ಅವಳನ್ನು ಮುಟ್ಟಿರುತ್ತಿರಲಿಲ್ಲ.

ಮರುವರ್ಷದ ಸೆಪ್ಟೆಂಬರಿನಲ್ಲಿ ಅದೇ ರಿಂಕು, ಅದೇ ಕೋಚು. ಯಶ್ ನೂರ ಅರವತ್ತು ಪೌಂಡು. ಎರಡನೇ ದಿನ ಆರಡಿ ನಾಲ್ಕಿಂಚಿನ ಒಬ್ಬ ಪಕ್ ತಳ್ಳಿಕೊಂಡು ನೇರ ಇವನ ಮೇಲೆ ಬಂದ. ಮೇಲೆ ಗ್ಯಾಲರಿಯಲ್ಲಿ ಕೂತಿದ್ದ ವಾರಿಜಾ ಎದ್ದು ನಿಂತಳು. ಯಶ್ ಡಿಕ್ಕಿ ಹೊಡೆಯಲಿಲ್ಲ. ಹಿಂದಕ್ಕೆ ಜಾರುತ್ತಾ, ಒಳಗಿನ ದಾರಿ ಮುಚ್ಚುತ್ತಾ, ಹೊರಗಿನ ದಾರಿ ತೋರಿಸುತ್ತಾ ಹೋದ. ಆ ದೊಡ್ಡವನು ಹೊರಗಿನಿಂದ ಹೋಗಿ ಹೋಗಿ ರಿಂಕಿನ ಸುತ್ತಲಿನ ಹಲಗೆ ಗೋಡೆಗೆ ಬಂದು ನಿಂತ. ಮುಂದೆ ಜಾಗ ಇರಲಿಲ್ಲ. ಯಶ್ ಸ್ಟಿಕ್ ಇಟ್ಟು ಪಕ್ ತೆಗೆದುಕೊಂಡ. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟುವಂಥದ್ದು ಏನೂ ಆಗಿರಲಿಲ್ಲ. ಕೋಚ್ ಪುಸ್ತಕದಲ್ಲಿ ಏನೋ ಬರೆದುಕೊಂಡ.

ಮೂರನೇ ದಿನವೂ ಇರಿಸಿಕೊಂಡರು. ಒಂದು ತಿಂಗಳು ನೋಡುತ್ತೇವೆ ಎಂದರು. ತಿಂಗಳಾದ ಮೇಲೆ ಸಹಿ ಹಾಕಿಸಿದರು. ಯಶ್ ಪೆನ್ನು ಹಿಡಿದ ಫೋಟೋ ಕಳಿಸಿದ. ರಾಕೇಶ್ ಫೋನ್ ಮಾಡಿ, "ಎಕ್ಸೆಪ್ಷನ್ ನಮ್ಮನೇಲೇ ಇದ್ದ ಅಲ್ವಾ ಅಕ್ಕಾ," ಎಂದ. "ನಿನ್ನ ಪಟ್ಟಿಯಲ್ಲಿ ಒಬ್ಬ ಹೆಚ್ಚಿದ, ಬರ್ಕೋ," ಎಂದಳು ವಾರಿಜಾ.

ಇದು ಮೂರನೇ ಸೀಸನ್. ತಂಡದ ರಿಂಕು ಮನೆಯಿಂದ ಒಂದೂವರೆ ಗಂಟೆ ದಾರಿ. ಯಶ್ ಮೇಲಿನ ಮೆಟ್ಟಿಲು ಇನ್ನೂ ಹತ್ತಿಲ್ಲ, ಹತ್ತುತ್ತಾನೋ ಇಲ್ಲವೋ. ಗೋಲಿನ ಮುಂದೆ ದೊಡ್ಡವರು ಒತ್ತಿ ನಿಂತರೆ ಅವನಿಗೆ ಕಷ್ಟವೇ. ಅಂಥ ತಂಡದ ಎದುರು ಕೆಲವು ದಿನ ಅವನನ್ನು ಬೆಂಚಿಗೂ ಹತ್ತಿಸುವುದಿಲ್ಲ. ಮಿಕ್ಕ ದಿನ ಆಡುತ್ತಾನೆ. ಚಿಕ್ಕವನು ಎಂದು ಪೇಪರಿನಲ್ಲಿ ಬರೆಯುತ್ತಾರೆ. ನಿಧಾನ ಎಂದು ಯಾರೂ ಬರೆದಿಲ್ಲ.

ಮನೆಯಲ್ಲಿದ್ದಾಗ ನಾಲ್ಕು ನೀರುದೋಸೆ ತಿನ್ನುತ್ತಾನೆ. ಐದನೆಯದನ್ನು ವಾರಿಜಾ ಕೇಳದೆ ಹಾಕುವುದಿಲ್ಲ.

ಅವನು ಮನೆಯಲ್ಲಿರಲಿ, ಆಟಕ್ಕೆಂದು ಬೇರೆ ಊರಿಗೆ ಹೋಗಿರಲಿ, ಬೆಳಿಗ್ಗೆ ಐದಕ್ಕೆ ಅವಳು ಕಾರು ಹೊರಗಿಡುತ್ತಾಳೆ. ಗ್ಯಾರೇಜು ಗುಡಿಸುತ್ತಾಳೆ. ಮೊಣಕಾಲೂರಿ, ವಾಷಿಂಗ್ ಮೆಷಿನ್ನಿನ ಗೋಡೆಯಿಂದ ಶುರು ಮಾಡಿ, ಆಚೆ ಗೋಡೆಯವರೆಗೆ ಗೆರೆ ಎಳೆಯುತ್ತಾಳೆ.